ಜರ್ಮನಿಯಲ್ಲಿ ಕನ್ನಡದ ಸಂಸಾರ ಹೂಡುವುದು: ಕಾಗದಪತ್ರದಿಂದ ಇಡ್ಲಿ ಹಿಟ್ಟಿನವರೆಗೆ

ಜರ್ಮನಿಯಲ್ಲಿ ಕೆಲಸಗಳು ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಮನೆ ಸಿಗದೆ ವಿಳಾಸ ನೋಂದಣಿ ಇಲ್ಲ. ನೋಂದಣಿ ಆಗದೆ ತೆರಿಗೆ ಸಂಖ್ಯೆ ಇಲ್ಲ, ಅದಿಲ್ಲದೆ ಸಂಬಳದಲ್ಲಿ ಸರಿಯಾದ ಕಡಿತ ಇಲ್ಲ, ಮಕ್ಕಳ ಭತ್ಯೆಯೂ ಇಲ್ಲ. ನಮ್ಮೂರಲ್ಲಾದರೆ ಕಚೇರಿಗೆ ಹೋಗಿ ನಾಲ್ಕು ಮಾತಾಡಿ ಹಿಂದುಮುಂದು ಮಾಡಿಕೊಳ್ಳಬಹುದು. ಇಲ್ಲಿ ಮಾತಿಗಿಂತ ಕಾಗದ ದೊಡ್ಡದು, ಆ ಕಾಗದ ಬರುವುದು ಅಂಚೆಯಲ್ಲಿ. ಹಾಗಾಗಿ ಯಾವುದನ್ನು ಯಾವುದರ ಹಿಂದೆ ಮಾಡಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಸಂಸಾರ ಹೂಡಿದ ಹಾಗೆ.

ಹೊರಡುವ ಮುಂಚೆ: ಹೆಸರು ಮತ್ತು ಪೆಟ್ಟಿಗೆ

ಕನ್ನಡದವರಿಗೆ ಇಲ್ಲಿ ಎದುರಾಗುವ ಮೊದಲ ತೊಡಕು ಹೆಸರಿನದು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ, ಅಪ್ಪನಿಗೊಂದು ಅಡ್ಡಹೆಸರು, ಮದುವೆಯಾದ ಮೇಲೂ ಅಮ್ಮನದು ತವರಿನ ಹೆಸರು, ಮಗುವಿನ ಹೆಸರಿನ ಹಿಂದೆ ಅಪ್ಪನ ಹೆಸರು. ಒಂದೇ ಮನೆಯ ಮೂವರಿಗೆ ಮೂರು ಕುಲನಾಮ! ಇಲ್ಲಿನ ಕಂಪ್ಯೂಟರ್‌ಗಳಿಗೆ ಕುಲನಾಮದ ಜಾಗ ಖಾಲಿ ಬಿಟ್ಟರೆ ಆಗದು. ಒಬ್ಬರು ಇಡೀ ಹೆಸರನ್ನು ಅಲ್ಲೇ ತುರುಕುತ್ತಾರೆ, ಇನ್ನೊಬ್ಬರು ಗೀಟು ಎಳೆಯುತ್ತಾರೆ. ಆಮೇಲೆ ಬ್ಯಾಂಕಿನ ಹೆಸರಿಗೂ ವಿಮೆಯ ಹೆಸರಿಗೂ ತಾಳೆಯಾಗುವುದಿಲ್ಲ. ವೀಸಾಕ್ಕೆ ಅರ್ಜಿ ಹಾಕುವ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ಜಾಗ ತುಂಬಿಸಿಕೊಳ್ಳಿ. ಮಗುವಿನ ಜನನ ಪತ್ರದಲ್ಲಿರುವ ಅಪ್ಪ ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಇದೆಯೇ ನೋಡಿ. ಬೇರೆ ಕುಲನಾಮ ಇರುವ ಮಗು ನಿಮ್ಮದೇ ಎಂದು ತೋರಿಸಲು ಕಚೇರಿಯಲ್ಲೂ ಗಡಿಯಲ್ಲೂ ನಿಮ್ಮ ಕೈಯಲ್ಲಿರುವುದು ಆ ಒಂದೇ ಕಾಗದ.

ಮದುವೆ ಪತ್ರ ಉಪನೋಂದಣಾಧಿಕಾರಿ ಕಚೇರಿಯದೇ ಆಗಬೇಕು. ದೇವಸ್ಥಾನದ ರಸೀದಿ, ಛತ್ರದ ಬಿಲ್ಲು, ಆಮಂತ್ರಣ ಪತ್ರಿಕೆ ನಡೆಯುವುದಿಲ್ಲ. ಕನ್ನಡದಲ್ಲಿ ಮಾತ್ರ ಇರುವ ಹಳೆಯ ಪತ್ರಗಳಿದ್ದರೆ ಇಂಗ್ಲಿಷಿನದೂ ಇರುವ ಹೊಸ ಪ್ರತಿ ಊರಲ್ಲೇ ಮಾಡಿಸಿಕೊಳ್ಳಿ. ಇಲ್ಲಿ ಜರ್ಮನ್ ಭಾಷೆಗೆ ಪ್ರಮಾಣಿತ ಅನುವಾದ ಬೇಕಾದಾಗ ಇಂಗ್ಲಿಷಿನಿಂದ ಮಾಡುವವರು ಎಲ್ಲೆಡೆ ಸಿಗುತ್ತಾರೆ, ಕನ್ನಡದಿಂದ ಮಾಡುವವರನ್ನು ಹುಡುಕಬೇಕು. ಮಕ್ಕಳ ಲಸಿಕೆ ಕಾರ್ಡಿನ ಮೂಲ ಪ್ರತಿಯನ್ನು ಕೈಚೀಲದಲ್ಲೇ ಇಡಿ, ಅದರ ಕಾರಣ ಮುಂದೆ ಬರುತ್ತದೆ.

ಇನ್ನು ಪೆಟ್ಟಿಗೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪ, ಪೇಡ, ತುಪ್ಪದ ಮೈಸೂರು ಪಾಕು ಊರಲ್ಲೇ ಉಳಿಯಬೇಕು. ಹಸಿ ಸೊಪ್ಪು ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಿಲ್ಲದೆ ಬಿಡುವುದು ಐದೇ ಹಣ್ಣುಗಳನ್ನು: ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡುರಿಯನ್. ಹಸಿ ಕರಿಬೇವು ಈ ಪಟ್ಟಿಯಲ್ಲಿಲ್ಲ, ಸಿಕ್ಕಿಬಿದ್ದರೆ ಕಸದ ಬುಟ್ಟಿಗೆ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ರಾಗಿ ಹಿಟ್ಟು, ಹುಣಸೆಹಣ್ಣು ತರಲು ತೊಂದರೆಯಿಲ್ಲ. ತೊಗರಿಬೇಳೆ, ಉದ್ದಿನಬೇಳೆ ಹೊತ್ತು ತರಬೇಡಿ, ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಧಾರಾಳ. ಆ ತೂಕದಲ್ಲಿ ಕುಕ್ಕರಿನ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್, ಇಡ್ಲಿ ತಟ್ಟೆ, ಮಿಕ್ಸಿ ತನ್ನಿ.

ಮೊದಲ ಎರಡು ವಾರ: ಬಾಗಿಲ ಮೇಲಿನ ಹೆಸರು

ಬಾಡಿಗೆ ಜಾಹೀರಾತಿನಲ್ಲಿ ಎರಡು ಅಂಕಿ ಇರುತ್ತದೆ. ಕಾಲ್ಟ್‌ಮೀಟೆ ಬರಿಯ ಮನೆ ಬಾಡಿಗೆ, ವಾರ್ಮ್‌ಮೀಟೆ ಅದರ ಮೇಲೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಕೂಡ ಸೇರಿದ್ದು. ಕರೆಂಟು, ಇಂಟರ್ನೆಟ್ ಎರಡರಲ್ಲೂ ಬರದೆ ಹೊರಗುಳಿಯುವುದೇ ಹೆಚ್ಚು. ಅಡ್ವಾನ್ಸು ಮೂರು ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಸಮಾಧಾನ. ಆದರೆ ಒಂದು ಮಾತು ಖಚಿತ ಮಾಡಿಕೊಳ್ಳಿ: ಅಡುಗೆಮನೆ ಇದೆಯೇ? ಎಷ್ಟೋ ಮನೆಗಳಲ್ಲಿ ನಾಲ್ಕು ಗೋಡೆ, ಒಂದು ನಲ್ಲಿ ಬಿಟ್ಟರೆ ಸಿಂಕೂ ಇರುವುದಿಲ್ಲ, ಒಲೆಯೂ ಇರುವುದಿಲ್ಲ. ಐನ್‌ಬೌಕ್ಯುಷೆ ಎಂದು ಬರೆದಿದ್ದರೆ ಮಾತ್ರ ಕಪಾಟು, ಒಲೆ ಎಲ್ಲ ಕೂಡಿಸಿದ ಅಡುಗೆಮನೆ ಇದೆ ಎಂದರ್ಥ.

ಕೀಲಿ ತೆಗೆದುಕೊಳ್ಳುವ ದಿನ ಹಸ್ತಾಂತರದ ಪಟ್ಟಿ ಬರೆಯುತ್ತಾರೆ. ನೆಲದ ಗೀರು, ಟೈಲಿನ ಬಿರುಕು, ಕಿಟಕಿ ಮೂಲೆಯ ಬೂಷ್ಟು, ಮೀಟರ್ ರೀಡಿಂಗ್ ಎಲ್ಲ ಅದರಲ್ಲಿ ಬರೆಸಿ, ಫೋಟೊ ತೆಗೆದಿಡಿ. ಸಂಕೋಚ ಪಟ್ಟು ಸುಮ್ಮನಾದರೆ ಬಿಡುವಾಗ ಅದು ನೀವೇ ಮಾಡಿದ್ದು ಅಂತಾಗುತ್ತದೆ.

ಅದೇ ದಿನ ಮಾಡಬೇಕಾದ ಇನ್ನೊಂದು ಕೆಲಸವನ್ನು ಹೊಸಬರೆಲ್ಲ ಮರೆಯುತ್ತಾರೆ. ಇಲ್ಲಿನ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಕಡಿಮೆ. ಬೀದಿ, ಕಟ್ಟಡದ ಸಂಖ್ಯೆ, ಅಷ್ಟೆ. ಅಂಚೆಯವರು ಕಾಗದ ಹಾಕುವುದು ಅಂಚೆಪೆಟ್ಟಿಗೆಯ ಮೇಲಿನ ಹೆಸರು ನೋಡಿ. ಹೆಸರಿಲ್ಲದಿದ್ದರೆ ಕಾಗದ ವಾಪಸ್. ತೆರಿಗೆ ಸಂಖ್ಯೆ, ವಿಮೆ ಕಾರ್ಡು, ಒಂದು ಲಕೋಟೆಯಲ್ಲಿ ಬ್ಯಾಂಕಿನ ಕಾರ್ಡು, ಇನ್ನೊಂದರಲ್ಲಿ ಅದರ ಪಿನ್, ಎಲ್ಲ ಬರುವುದು ಇದೇ ಪೆಟ್ಟಿಗೆಗೆ. ಮನೆಯಲ್ಲಿ ಮೂರು ಕುಲನಾಮ ಇದ್ದರೆ ಮೂರನ್ನೂ ಬರೆಯಿರಿ, ಮಗುವಿನದನ್ನೂ. ತಾತ್ಕಾಲಿಕವಾಗಿ ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದು ಟೇಪ್ ಅಂಟಿಸಿದರೂ ಸಾಕು. ಲೋಹದ ಫಲಕವನ್ನು ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಆಮೇಲೆ ಹಾಕಿಕೊಡುತ್ತಾರೆ. ಕರೆಗಂಟೆಯ ಪಕ್ಕದಲ್ಲೂ ಅವೇ ಹೆಸರು ಇರಲಿ.

ಇಷ್ಟಾದ ಮೇಲೆ ಅನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು. ದೊಡ್ಡ ಊರುಗಳಲ್ಲಿ ಟೆರ್ಮೀನ್, ಅಂದರೆ ನಿಗದಿತ ಸಮಯ, ಸಿಗುವುದೇ ತಡ, ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಬಿದ್ದ ದಿನವೇ ಹಿಡಿದಿಡಿ. ಎಲ್ಲರ ಪಾಸ್‌ಪೋರ್ಟು, ಮದುವೆ ಪತ್ರ, ಮಕ್ಕಳ ಜನನ ಪತ್ರ, ಜೊತೆಗೆ ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಹೆಸರು ಹೇಳಲು ಉಸಿರು ಕಟ್ಟಿದರೂ ಅದು 'ಇವರು ನನ್ನ ಮನೆಗೆ ಬಂದಿದ್ದಾರೆ' ಎಂದು ಓನರ್ ಸಹಿ ಹಾಕಿದ ಒಂದು ಹಾಳೆ, ಅಷ್ಟೆ. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಮದುವೆ ಪತ್ರ ಕೊಡದಿದ್ದರೆ ಒಂಟಿ ಎಂದು ನಮೂದಾಗಿ ತೆರಿಗೆ ಹೆಚ್ಚು ಕಡಿತವಾಗುತ್ತದೆ. ಧರ್ಮದ ಕಾಲಂ ಕೂಡ ದುಡ್ಡಿನ ವಿಚಾರವೇ. ಕ್ಯಾಥೊಲಿಕ್ ಎಂದು ಬರೆಸುವ ಮಂಗಳೂರಿನ ಕುಟುಂಬಗಳಿಗೆ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಸೇರುತ್ತದೆ, ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಆ ತೆರಿಗೆಯ 8%, ಉಳಿದ ಕಡೆ 9%.

ಅಂಚೆಯಲ್ಲಿ ಬರುವ ಸರಣಿ

ನೋಂದಣಿಯಾದ ಕೆಲವು ವಾರಗಳಲ್ಲಿ ಒಬ್ಬೊಬ್ಬರಿಗೂ, ಹಾಲು ಕುಡಿಯುವ ಮಗುವಿಗೂ, 11 ಅಂಕಿಯ ತೆರಿಗೆ ಸಂಖ್ಯೆ ಬರುತ್ತದೆ. ನಿಮ್ಮದನ್ನು ಕೂಡಲೇ ಕಂಪನಿಗೆ ಕೊಡಿ. ಕೊಡದೆ ಉಳಿದರೆ ಅತಿ ಹೆಚ್ಚು ಕಡಿತವಿರುವ 6ನೇ ತೆರಿಗೆ ವರ್ಗಕ್ಕೆ ಹಾಕಬಹುದು. ದುಡ್ಡು ಆಮೇಲೆ ವಾಪಸ್ ಬರುತ್ತದೆ, ಆದರೆ ಹಾಸಿಗೆ, ಮೇಜು, ಒಲೆ ಕೊಳ್ಳುವ ತಿಂಗಳಲ್ಲೇ ಕೈ ಕಟ್ಟುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರೇ ದುಡಿಯುತ್ತಿದ್ದರೆ ಇಬ್ಬರ ತೆರಿಗೆ ವರ್ಗವನ್ನು 4-4ರಿಂದ 3-5ಕ್ಕೆ ಬದಲಾಯಿಸಲು ತೆರಿಗೆ ಕಚೇರಿಗೆ ಅರ್ಜಿ ಹಾಕಿ, ತಿಂಗಳ ಕೈಸಂಬಳ ಏರುತ್ತದೆ.

ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತು ಇಲ್ಲ. ಆದರೆ ಅದು ತಾನಾಗಿ ಆಗುವುದಿಲ್ಲ, ಕುಟುಂಬ ವಿಮೆಯ ಅರ್ಜಿ ಬೇರೆ ತುಂಬಬೇಕು. ಮಕ್ಕಳ ಭತ್ಯೆ ಕಿಂಡರ್‌ಗೆಲ್ಡ್ 2026ರಲ್ಲಿ ಮಗುವಿಗೆ ತಿಂಗಳಿಗೆ 259 ಯೂರೊ. ಅರ್ಜಿ ಎಷ್ಟೇ ತಡವಾಗಲಿ, ಹಿಂದಿನ ಬಾಕಿ ಸಿಗುವುದು ಆರು ತಿಂಗಳದ್ದು ಮಾತ್ರ. ಇವುಗಳ ನಡುವೆ ರುಂಡ್‌ಫುಂಕ್ ಎಂಬ ರೇಡಿಯೊ-ಟಿವಿ ಶುಲ್ಕದ ಕಾಗದವೂ ಬರುತ್ತದೆ, ಮನೆಗೆ ತಿಂಗಳಿಗೆ 18.36 ಯೂರೊ. ನಮ್ಮಲ್ಲಿ ಟಿವಿಯೇ ಇಲ್ಲ ಅಂದರೂ ಬಿಡುವುದಿಲ್ಲ. ಮೋಸದ ಕಾಗದ ಅಂತ ಹರಿದುಹಾಕಿ ದಂಡ ಕಟ್ಟಿದವರು ಬೇಕಾದಷ್ಟು ಜನ.

ಅಡುಗೆಮನೆ

ಕರೆಂಟು ನಮ್ಮಲ್ಲಿರುವಂತೆ 230 ವೋಲ್ಟ್, 50 ಹರ್ಟ್ಸ್. ಮಿಕ್ಸಿ, ಗ್ರೈಂಡರ್ ಎರಡೂ ಓಡುತ್ತವೆ, ಕೂರದಿರುವುದು ಮೂರು ಕಡ್ಡಿಯ ಪ್ಲಗ್ ಮಾತ್ರ. ಅರ್ಥಿಂಗ್ ಇರುವ ಅಡಾಪ್ಟರನ್ನೇ ಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಮಾರುವ ಪುಟ್ಟ ಅಡಾಪ್ಟರುಗಳಲ್ಲಿ ಎಷ್ಟೋ ಅರ್ಥಿಂಗ್ ಇಲ್ಲದವು, ಸ್ಟೀಲ್ ಮೈಯ ಗ್ರೈಂಡರಿಗೆ ಅವು ಅಪಾಯ.

ಒಲೆ ಯಾವುದು ನೋಡಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರು ಬಿಸಿಯೇ ಆಗುವುದಿಲ್ಲ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಬೇಕು. ಗಾಜಿನಡಿ ಕೆಂಪಗೆ ಕಾಯುವ ಸೆರಾನ್ ಒಲೆಯಾದರೆ ಯಾವ ಪಾತ್ರೆಯೂ ಆಗುತ್ತದೆ, ತಳ ಮಾತ್ರ ಚಪ್ಪಟೆ ಇರಬೇಕು. ಊರಿನ ತಗ್ಗು ಕಾವಲಿಗೆ ನಡುವೆ ಮಾತ್ರ ಕಾವು ಹತ್ತಿ ದೋಸೆ ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಸೆರಾನ್ ಒಲೆ ಆರಿಸಿದ ಮೇಲೂ ಕಾವು ಬಿಡುವುದಿಲ್ಲ. ಹಾಲು ಏರಿತು ಅಂತ ಗುಂಡಿ ತಿರುಗಿಸಿ ನಿಂತರೆ ಹಾಲು ನಿಮ್ಮ ಕಣ್ಣೆದುರೇ ಉಕ್ಕಿ ಗಾಜಿನ ಮೇಲೆ ಚರ್ ಎನ್ನುತ್ತದೆ, ಪಾತ್ರೆಯನ್ನೇ ಪಕ್ಕಕ್ಕೆ ಎತ್ತಿಡಬೇಕು. ಅನ್ನಕ್ಕೆ ಮೂರು ಸೀಟಿ ಬೇಕಿದ್ದರೆ ಎರಡಕ್ಕೇ ಆರಿಸಿ, ಮೂರನೆಯದು ತಾನಾಗಿ ಬರುತ್ತದೆ. ಕುಕ್ಕರನ್ನು ಎಳೆಯಬೇಡಿ, ಎತ್ತಿ ಇಡಿ. ಬೆಲ್ಲದ ಪಾಕ ಚೆಲ್ಲಿದರೆ ಗಾಜು ಬಿಸಿಯಿರುವಾಗಲೇ ಬ್ಲೇಡಿನ ಸ್ಕ್ರೇಪರಿನಿಂದ ಕೆರೆಯಿರಿ. ಆರಿ ಗಟ್ಟಿಯಾದರೆ ಕೀಳುವಾಗ ಗಾಜಿನ ಚೂರನ್ನೂ ಕಿತ್ತುಕೊಂಡೇ ಬರುತ್ತದೆ.

ನಲ್ಲಿ ನೀರು ನೇರ ಕುಡಿಯಬಹುದು. ಆದರೆ ಮ್ಯೂನಿಕ್‌ನಂಥ ಊರುಗಳಲ್ಲಿ ಗಡಸು ನೀರು, ಅದರಲ್ಲಿರುವ ಸುಣ್ಣಕ್ಕೆ ತೊಗರಿಬೇಳೆ ಬೇಗ ಕರಗುವುದಿಲ್ಲ. ಅರ್ಧ ಗಂಟೆ ನೆನೆಸಿ, ಚಿಟಿಕೆ ಅಡುಗೆ ಸೋಡ ಹಾಕಿ, ಹುಣಸೆ ರಸ ಬೇಳೆ ಬೆಂದ ಮೇಲೆ. ಕಾಬೂಲಿ ಕಡಲೆ ಎಷ್ಟು ಬೇಯಿಸಿದರೂ ಗಟ್ಟಿ ಎನ್ನುವ ದೂರಿಗೂ ಸಾಮಾನ್ಯವಾಗಿ ಇದೇ ಕಾರಣ.

ಅಂಗಡಿಯಲ್ಲಿ ರವೆ ಎರಡು ಥರ ಸಿಗುತ್ತದೆ, ಉಪ್ಪಿಟ್ಟು ಕೆಡುವುದು ಇಲ್ಲೇ. ವೈಷ್‌ವೈಟ್ಸನ್‌ಗ್ರೀಸ್ ಮೆದು ಗೋಧಿಯದು, ನೀರಿಗೆ ಬಿದ್ದ ಕೂಡಲೇ ಅಂಟಾಗಿ ಗಂಜಿಯಾಗುತ್ತದೆ. ಹಾರ್ಟ್‌ವೈಟ್ಸನ್‌ಗ್ರೀಸ್ ಎಂದು ಬರೆದ ಗಡಸು ಗೋಧಿಯ ರವೆ ತಂದು, ಘಮ ಬರುವವರೆಗೆ ಹುರಿದು, ಲೋಟಕ್ಕೆ ಎರಡೂವರೆ ಲೋಟ ಕುದಿನೀರು ಹಾಕಿದರೆ ಉದುರುದುರಾಗಿ ಬರುತ್ತದೆ. ಕೇಸರಿಬಾತಿಗೂ ಅದೇ. ಹಿಟ್ಟಿನ ಪೊಟ್ಟಣದ ಮೇಲಿನ 405 ಅಂದರೆ ನಮ್ಮ ಮೈದಾ. ಚಪಾತಿಗೆ 1050 ಮತ್ತು ಫೋಲ್‌ಕೋರ್ನ್, ಅಂದರೆ ಇಡೀ ಗೋಧಿಯ ಹಿಟ್ಟು, ಸಮಸಮ ಬೆರೆಸಿದರೆ ಕೆಲಸ ನಡೆಯುತ್ತದೆ, ಆದರೂ ಇಂಡಿಯನ್ ಅಂಗಡಿಯ ಆಟಾಕ್ಕೆ ಸಮ ಅಲ್ಲ. ಕೊತ್ತಂಬರಿ, ಹಸಿಮೆಣಸಿನಕಾಯಿ, ಬೆಂಡೆಕಾಯಿಗೆ ಟರ್ಕಿಯವರ ಅಂಗಡಿಗೆ ಹೋಗಿ, ದೊಡ್ಡ ಕಟ್ಟು, ಕಡಿಮೆ ಬೆಲೆ.

ಇಡ್ಲಿ ಹಿಟ್ಟು ಉಬ್ಬುವುದಿಲ್ಲ ಎನ್ನುವುದು ಇಲ್ಲಿ ಪ್ರತಿ ಕನ್ನಡ ಮನೆಯ ಚಳಿಗಾಲದ ಗೋಳು. ಮನೆಯೊಳಗೆ 20 ಡಿಗ್ರಿ, ಹಿಟ್ಟಿಗೆ ಬೇಕಾದದ್ದು 28-30. ಹೀಗೆ ಮಾಡಿ:

1. ಮೂರು ಪಾಲು ಇಡ್ಲಿ ಅಕ್ಕಿ, ಒಂದು ಪಾಲು ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ. ಐದಾರು ಗಂಟೆ ನೆನೆಯಲಿ.
2. ರುಬ್ಬುವಾಗ ಉಗುರುಬೆಚ್ಚಗಿನ ನೀರು. ಉದ್ದು ಬೆಣ್ಣೆಯ ಹಾಗಾಗಬೇಕು, ಅಕ್ಕಿ ಸಣ್ಣ ರವೆಯ ಹಾಗೆ.
3. ಎರಡನ್ನೂ ಕೈಯಿಂದಲೇ ಕಲಸಿ. ಉಪ್ಪು ಈಗ ಬೇಡ, ಅದು ಹುದುಗನ್ನು ನಿಧಾನ ಮಾಡುತ್ತದೆ. ಉಬ್ಬಿದ ಮೇಲೆ ಹಾಕಿ.
4. ಪಾತ್ರೆ ಅರ್ಧ ಖಾಲಿ ಇರಲಿ. ಅಡಿಗೆ ತಟ್ಟೆ ಇಟ್ಟು ಓವನ್ನಿನೊಳಗೆ ಸೇರಿಸಿ, ಕಾವು ಹಾಕದೆ ಬಲ್ಬ್ ಮಾತ್ರ ಉರಿಸಿ, ಬಾಗಿಲು ಮುಚ್ಚಿ. 12ರಿಂದ 14 ಗಂಟೆ.
5. ಓವನ್ ಬಾಗಿಲ ಮೇಲೆ 'ಒಳಗೆ ಹಿಟ್ಟಿದೆ' ಎಂದು ಚೀಟಿ ಅಂಟಿಸಿ. ಬೆಳಿಗ್ಗೆ ಯಾರೋ ಬ್ರೆಡ್ ಬಿಸಿ ಮಾಡಲು 200 ಡಿಗ್ರಿಗೆ ತಿರುಗಿಸುವ ಸಂಭವ ನೀವಂದುಕೊಂಡಷ್ಟು ಕಡಿಮೆಯಲ್ಲ.

ಎಷ್ಟೋ ಓವನ್‌ಗಳ ಕನಿಷ್ಠ ಕಾವೇ 50 ಡಿಗ್ರಿ. 'ಕಡಿಮೆಯಲ್ಲಿಟ್ಟೆ' ಅಂದವರ ಹಿಟ್ಟು ಅಂಚಿನಲ್ಲಿ ಬೆಂದು, ನಡುವೆ ಸತ್ತಿರುತ್ತದೆ. ಮೊಸರಿಗೂ ಇದೇ ಬಲ್ಬಿನ ಗೂಡು ಸಾಕು: ಲೀಟರ್ ಹಾಲು ಬೆರಳಿಗೆ ಹಿತವಾಗುವಷ್ಟು ಬೆಚ್ಚಗೆ, 3.5% ಕೊಬ್ಬಿನ ಅಂಗಡಿ ಮೊಸರು ಒಂದು ದೊಡ್ಡ ಚಮಚ ಹೆಪ್ಪು, ಎಂಟು ಗಂಟೆ.

ಹಬೆ ಎಲ್ಲಿಗೆ ಹೋಗುತ್ತದೆ

ಕಿಟಕಿ ಭದ್ರವಾಗಿ ಮುಚ್ಚಿದ ಮನೆಯಲ್ಲಿ ಅನ್ನ, ಇಡ್ಲಿ, ಸಾರಿನ ಹಬೆ, ಸ್ನಾನದ ಹಬೆ, ಒಳಗೆ ಒಣಗಲು ಹಾಕಿದ ಬಟ್ಟೆಯ ತೇವ, ಇಷ್ಟೂ ತಣ್ಣನೆಯ ಹೊರಗೋಡೆ ಹುಡುಕಿಕೊಂಡು ಹೋಗಿ ನೀರಾಗುತ್ತದೆ. ಮೊದಲು ಹಿಡಿಯುವುದು ಮಲಗುವ ಕೋಣೆಯ ಬೀರುವಿನ ಹಿಂದೆ. ಬೀರು ಸರಿಸುವ ಹೊತ್ತಿಗೆ ಅಂಗೈಯಗಲ ಕಪ್ಪು ಬೂಷ್ಟು, ಅದರ ಖರ್ಚು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಪರಿಹಾರ ದಿನಕ್ಕೆ ಮೂರು ಸಲ, ಐದರಿಂದ ಹತ್ತು ನಿಮಿಷ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆಯುವುದು, ಆಗ ಹೀಟರ್ ಬಂದ್. ಇದಕ್ಕೆ ಷ್ಟೋಸ್‌ಲ್ಯುಫ್ಟನ್ ಎನ್ನುತ್ತಾರೆ, ಬಾಡಿಗೆ ಕರಾರಿನಲ್ಲೇ ಬರೆದಿರುವುದುಂಟು. ದಿನವಿಡೀ ಕಿಟಕಿಯನ್ನು ಓರೆಯಾಗಿ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚು. ಹೀಟರಿನ ಗುಂಡಿಯಲ್ಲಿ 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುತ್ತದೆ ಅನ್ನುವುದು ಭ್ರಮೆ, ಕೊನೆಗೆ ಮುಟ್ಟುವ ಕಾವು ಮಾತ್ರ ಹೆಚ್ಚು. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ಸರಿಸಿಡಿ.

ಮಲಗುವ ಕೋಣೆ, ಓಣಿಯ ಛಾವಣಿಯಲ್ಲಿ ಹೊಗೆ ಗಂಟೆ ಇರುತ್ತದೆ. ಬ್ಯಾಡಗಿ ಮೆಣಸಿನ ಒಗ್ಗರಣೆಗೆ ಅದು ಕಿರುಚುತ್ತದೆ. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆದು ಒಗ್ಗರಣೆ ಹಾಕಿ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದರೆ ಸಾಕು, ಹೋಮ ಬೇಡ.

ಮಕ್ಕಳು

ದಡಾರದ ಲಸಿಕೆಯ ದಾಖಲೆ ಇಲ್ಲದೆ ಕಿಟಾಗೆ, ಅಂದರೆ ಶಿಶುವಿಹಾರಕ್ಕೆ, ಸೇರಿಸಿಕೊಳ್ಳುವುದಿಲ್ಲ. 2020ರ ಮಾರ್ಚ್‌ನಿಂದ ಅದು ಕಾನೂನು, ಎರಡು ವರ್ಷ ದಾಟಿದ ಮಗುವಿಗೆ ಎರಡು ಡೋಸ್. ಮೂಲ ಕಾರ್ಡು ಕೈಚೀಲದಲ್ಲಿರಲಿ ಅಂದದ್ದು ಇದಕ್ಕೇ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಕೊಡಬೇಕೆಂಬ ಹಕ್ಕು 2013ರಿಂದ ಇದ್ದರೂ ಸರತಿ ಉದ್ದ, ವಿಳಾಸ ಸಿಕ್ಕ ದಿನವೇ ಅರ್ಜಿ ಹಾಕಿ.

ಜಾಗ ಸಿಕ್ಕ ಮೇಲೆ ಐನ್‌ಗೆವ್ಯೋನುಂಗ್, ಅಂದರೆ ರೂಢಿ ಮಾಡಿಸುವ ಅವಧಿ. ಅಪ್ಪ ಅಥವಾ ಅಮ್ಮ ಎರಡರಿಂದ ನಾಲ್ಕು ವಾರ ಜೊತೆಗಿರಬೇಕು. ಮೊದಲ ಮೂರು ದಿನ ಗಂಟೆಯಷ್ಟು ಹೊತ್ತು ಒಳಗೇ ಸುಮ್ಮನೆ ಕೂರುವುದು, ನಾಲ್ಕನೆಯ ದಿನ ಕೆಲವು ನಿಮಿಷ ಆಚೆ ಹೋಗುವುದು, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು. ಅದೇ ತಿಂಗಳು ಹೊಸ ಕೆಲಸಕ್ಕೆ ಸೇರುವ ಯೋಜನೆ ಬೇಡ. ಮಗು ಆಟದಲ್ಲಿ ಮುಳುಗಿದಾಗ ಕಣ್ತಪ್ಪಿಸಿ ಹೊರಡುವ ನಮ್ಮ ಅಭ್ಯಾಸ ಇಲ್ಲಿ ಸಲ್ಲದು. ಟಾಟಾ ಹೇಳಿ, ಅತ್ತರೂ ಸರಿ, ನೋಡುತ್ತಿರುವಾಗಲೇ ಹೊರಡಬೇಕು.

ಸಸ್ಯಾಹಾರಿ ಅಂದುಕೊಂಡು ಮೀನು ತಿನ್ನುವವರೂ ಇಲ್ಲಿದ್ದಾರೆ. ಕಿಟಾಗೆ ಬರಹದಲ್ಲಿ ಕೊಡಿ: ಮಾಂಸ ಬೇಡ, ಮೀನು ಬೇಡ, ಜೆಲಟಿನ್ ಬೇಡ, ಮೊಟ್ಟೆ ನಡೆಯುತ್ತದೋ ಇಲ್ಲವೋ. ಹುಟ್ಟುಹಬ್ಬಕ್ಕೆ ಹಂಚುವ ಬಣ್ಣದ ಗಮ್ಮಿ ಮಿಠಾಯಿಯಲ್ಲಿ ಬಹುಪಾಲು ಜೆಲಟಿನ್ನೇ ಇರುತ್ತದೆ. ಡಬ್ಬಿಗೆ ಚಪಾತಿ ಪಲ್ಯದ ಸುರುಳಿ ಚೆನ್ನಾಗಿ ನಡೆಯುತ್ತದೆ, ಶೇಂಗಾ ಚಟ್ನಿಪುಡಿ ಮಾತ್ರ ಅಲರ್ಜಿಯ ದೆಸೆಯಿಂದ ಹಲವೆಡೆ ನಿಷಿದ್ಧ. ಮಳೆ ಹಿಮ ಯಾವುದಿದ್ದರೂ ಮಕ್ಕಳನ್ನು ಹೊರಗೆ ಬಿಡುತ್ತಾರೆ. ದೊಡ್ಡ ಕೋಟಿಗಿಂತ ಪದರ ಪದರವಾಗಿ ಬಟ್ಟೆ, ಮೇಲೆ ಕೆಸರು ತಡೆಯುವ ಪ್ಯಾಂಟು, ಒಳಗೆ ಹಾಕಲು ಬೇರೆ ಚಪ್ಪಲಿ, ಎಲ್ಲದರ ಮೇಲೂ ಹೆಸರು.

ಶಾಲೆ ಸೇರಿದ ಮೇಲೆ ಹಾಜರಿ ಕಡ್ಡಾಯ. ಅಗ್ಗದ ಟಿಕೆಟ್ ಸಿಗುತ್ತದೆಂದು ರಜೆಗೆ ಮೂರು ದಿನ ಮುಂಚೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹಾರಿದರೆ ದಂಡ ಬೀಳುತ್ತದೆ. ತಂಗಿಯ ಮದುವೆಯಂಥ ಕಾರಣವಿದ್ದರೆ ಮುಖ್ಯೋಪಾಧ್ಯಾಯರಿಗೆ ಮುಂಚೆಯೇ ಬರೆದು ಒಪ್ಪಿಗೆ ಪಡೆಯಿರಿ. ಸಂಬೋಧನೆಯಲ್ಲಿ ನಮಗೊಂದು ಅನುಕೂಲ ಇದೆ: ಅವರ ಝೀ, ಡೂ ನಮ್ಮ ನೀವು, ನೀನು. ಆದರೆ ಪಕ್ಕದ ಮನೆಯವರನ್ನು ಆಂಟಿ, ಅಂಕಲ್ ಅನ್ನುವಂತಿಲ್ಲ, ಫ್ರಾವ್ (ಶ್ರೀಮತಿ) ಅಥವಾ ಹೆರ್ (ಶ್ರೀ) ಸೇರಿಸಿ ಕುಲನಾಮ.

ಜ್ವರ ಬಂದರೆ ಮಕ್ಕಳ ವೈದ್ಯರಿಗೆ ಬೆಳಿಗ್ಗೆಯೇ ಫೋನ್ ಮಾಡಿ. ಚೆನ್ನಾಗಿರುವಾಗಲೇ ಒಬ್ಬರಲ್ಲಿ ಹೆಸರು ಬರೆಸಿಟ್ಟಿರಬೇಕು. ರಾತ್ರಿ, ವಾರಾಂತ್ಯಕ್ಕೆ 116117, ಪ್ರಾಣಾಪಾಯವಿದ್ದರೆ 112. ಪ್ರಿಸ್ಕ್ರಿಪ್ಷನ್ ಇಲ್ಲದೆ ಆಂಟಿಬಯಾಟಿಕ್ ಸಿಗುವುದಿಲ್ಲ, ಸಣ್ಣ ನೆಗಡಿಗೆ ವೈದ್ಯರು ಅದನ್ನು ಬರೆಯುವುದೂ ಇಲ್ಲ. ಸರ್ಕಾರಿ ವಿಮೆಯಲ್ಲಿರುವ ಅಪ್ಪ ಅಮ್ಮನಿಗೆ ತಲಾ ವರ್ಷಕ್ಕೆ, ಮಗುವೊಂದಕ್ಕೆ 15 ದಿನ, ಮಗುವಿನ ಕಾಯಿಲೆ ರಜೆ ಇದೆ.

ಕಸ, ಭಾನುವಾರ, ನೆರೆಹೊರೆ

ತರಕಾರಿ ಸಿಪ್ಪೆ, ಚಹಾ ಚರಟ ಕಂದು ಡಬ್ಬಿಗೆ, ಪ್ಲಾಸ್ಟಿಕ್ ಕವರು ಮತ್ತು ತಗಡಿನ ಪೊಟ್ಟಣ ಹಳದಿಗೆ, ರಟ್ಟು ಕಾಗದ ನೀಲಿಗೆ, ಡೈಪರ್ ಕಪ್ಪಿಗೆ. ಊರಿಂದೂರಿಗೆ ಬಣ್ಣ ಬದಲಾದೀತು, ಮುಚ್ಚಳ ನೋಡಿ. ಗಾಜಿನ ಸೀಸೆಗೆ ಬೀದಿಯಲ್ಲಿ ಬಿಳಿ, ಹಸಿರು, ಕಂದು ಪೆಟ್ಟಿಗೆಗಳು, ಭಾನುವಾರ ಹಾಕಬಾರದು, ಸದ್ದಾಗುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಜಜ್ಜಬೇಡಿ, ಅಂಗಡಿಯ ಯಂತ್ರಕ್ಕೆ ಕೊಟ್ಟರೆ 25 ಸೆಂಟ್ ವಾಪಸ್. ಗುರುತು ಓದಲಾಗದಿದ್ದರೆ ಯಂತ್ರ ಉಗುಳುತ್ತದೆ.

ಭಾನುವಾರ ಅಂಗಡಿಗಳಿಲ್ಲ. ಹಾಲು, ಈರುಳ್ಳಿ, ಮಗುವಿನ ಡೈಪರ್ ಶನಿವಾರವೇ ಎಣಿಸಿ ತನ್ನಿ. ಮರೆತರೆ ದೊಡ್ಡ ರೈಲು ನಿಲ್ದಾಣದ ಅಂಗಡಿಯೇ ಗತಿ. ಆ ದಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿಕ್ಸಿಯೂ ಬೇಡ. ಗ್ರೈಂಡರಿನ ಅಡಿಗೆ ದಪ್ಪ ರಬ್ಬರ್ ಚಾಪೆ ಹಾಸಿ, ಕೆಳಮನೆಯವರಿಗೆ ಅದರ ನಡುಕ ನಿಮಗಿಂತ ಹೆಚ್ಚು ಕೇಳುತ್ತದೆ. ನಾಮಕರಣ, ಹುಟ್ಟುಹಬ್ಬ ಇದ್ದರೆ ದಿನಾಂಕ, ಸಮಯ ಬರೆದು ಮೆಟ್ಟಿಲ ಬಳಿ ಚೀಟಿ ಹಚ್ಚಿ. ಮೆಟ್ಟಿಲ ಓಣಿ ಬೆಂಕಿ ಬಿದ್ದಾಗಿನ ದಾರಿ, ಚಪ್ಪಲಿ ಸ್ಟ್ಯಾಂಡ್ ಒಳಗಿರಲಿ. ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಎಂಬ ಸರದಿ ಉಂಟು. ಬಾಗಿಲಿಗೆ ಫಲಕ ತೂಗುಹಾಕಿದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಿಮ್ಮದು. ಅಂಗಳ ಸಾರಿಸಿದವರಿಗೆ ಇದೇನು ಹೊಸದಲ್ಲ, ಆದರೆ ತಪ್ಪಿಸಿದರೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ.

ಆರು ತಿಂಗಳ ಗಡಿ, ವರ್ಷದ ಬಿಲ್ಲು

ಭಾರತದ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನೆಲೆಸಿದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದಂತೆ, ಅದು ಅಪರಾಧ. ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಇಲ್ಲಿ ಹೊಸದಾಗಿ ಪಾಸಾಗಬೇಕು, ಅರ್ಜಿಗೇ ವಾರಗಟ್ಟಲೆ ಹಿಡಿಯುವುದರಿಂದ ಎರಡನೇ ತಿಂಗಳಲ್ಲೇ ಹಾಕಿ. ಅಲ್ಲಿಯವರೆಗೆ 2026ರ ಜನವರಿಯಿಂದ 63 ಯೂರೊ ಆಗಿರುವ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ದೇಶದ ಯಾವ ಊರಿನ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲಾದರೂ ಹತ್ತಬಹುದು, ಬಿಳಿಯ ವೇಗದ ಐಸಿಇ ರೈಲು ಬಿಟ್ಟು. ಟಿಕೆಟ್ ಇಲ್ಲದೆ ಸಿಕ್ಕರೆ 60 ಯೂರೊ. ಟಿಕೆಟ್ ಬೇಡವೆಂದರೆ ಆ ತಿಂಗಳ 10ರೊಳಗೆ ರದ್ದು ಮಾಡಿ, ಇಲ್ಲದಿದ್ದರೆ ಮುಂದಿನ ತಿಂಗಳಿಗೂ ದುಡ್ಡು ಹೋಗುತ್ತದೆ.

ಒಂದು ಚಳಿಗಾಲ ಕಳೆದ ಮೇಲೆ ಓನರಿನಿಂದ ನೆಬೆನ್‌ಕೋಸ್ಟನ್, ಅಂದರೆ ನೀರು, ಕಸ, ಹೀಟಿಂಗಿನ ಖರ್ಚಿನ ಲೆಕ್ಕ ಬರುತ್ತದೆ. ಲೆಕ್ಕದ ವರ್ಷ ಮುಗಿದ 12 ತಿಂಗಳೊಳಗೆ ಅದು ನಿಮ್ಮ ಕೈ ಸೇರಬೇಕು. ತಿಂಗಳು ತಿಂಗಳು ಕಟ್ಟಿದ್ದು ಅಂದಾಜು, ಇದು ನಿಜವಾದ ಖರ್ಚು. ಹೀಟರನ್ನು 5ರಲ್ಲಿಟ್ಟ ಮನೆಗೆ ನೂರಾರು ಯೂರೊ ಹೆಚ್ಚುವರಿ ಬರಬಹುದು. ಕಟ್ಟುವ ಮುಂಚೆ ಹೀಟಿಂಗ್ ಮೀಟರಿನ ಅಂಕಿಗಳನ್ನು ಕೀಲಿ ತೆಗೆದುಕೊಂಡ ದಿನ ತೆಗೆದ ಫೋಟೊದೊಂದಿಗೆ ಹೋಲಿಸಿ. ತಪ್ಪು ಕಂಡರೆ ಲೆಕ್ಕ ಕೈಸೇರಿದ 12 ತಿಂಗಳೊಳಗೆ ಬರಹದಲ್ಲಿ ಆಕ್ಷೇಪಣೆ ಕಳಿಸಬಹುದು, ರಿಜಿಸ್ಟರ್ಡ್ ಪೋಸ್ಟಿನಲ್ಲಿ.